ದೋಣಿಯಲ್ಲಿ ಇಲ್ಲದವಳು

ಕಾಲೇಜಿನ ನಾವು ನಾಲ್ವರು ಗೆಳತಿಯರು ಮೂವತ್ತು ವರ್ಷಗಳ ಮೇಲೆ ಹಂಪಿಯಲ್ಲಿ ಸೇರಿ, ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದೆವು. ಬುತ್ತಿ ಬಿಚ್ಚುತ್ತಲೇ ಒಬ್ಬಳು, "ಮನೇಲಿ ಬಡಿಸಿಕೊಂಡು ಉಂಡರೋ ಇಲ್ಲವೋ" ಎಂದಳು. ಎಲ್ಲರೂ ನಕ್ಕೆವು, ಎಲ್ಲರೂ ಗಡಿಯಾರ ನೋಡಿಕೊಂಡೆವು.

ಆಗ ನೆನಪಾದದ್ದು, ಆ ದಿನಗಳಲ್ಲಿ ಒಟ್ಟಿಗೆ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದ ಜೆರೋಮ್ ಕೆ. ಜೆರೋಮನ 'ಥ್ರೀ ಮೆನ್ ಇನ್ ಎ ಬೋಟ್'. ಊರಿಗೆ ಬಂದವಳೇ ಮತ್ತೆ ಓದಿದೆ.

1889ರಲ್ಲಿ ಬಂದ ಪುಸ್ತಕ. ಮೂವರು ಗೆಳೆಯರು ಒಂದು ನಾಯಿಯೊಡನೆ ಥೇಮ್ಸ್ ನದಿಯಲ್ಲಿ ಕಿಂಗ್‌ಸ್ಟನ್‌ನಿಂದ ಆಕ್ಸ್‌ಫರ್ಡಿನವರೆಗೆ ದೋಣಿಯಲ್ಲಿ ಹೋಗುತ್ತಾರೆ. ಡಬ್ಬಿ ತೆರೆಯುವ ಸಾಧನ ಮರೆತು ಅನಾನಸ್ ಡಬ್ಬಿಯೊಡನೆ ಅವರು ನಡೆಸುವ ಕುಸ್ತಿಗೆ ಈಗಲೂ ನಗು ಬಂತು. ಜೆರೋಮ್ ಮೊದಲು ನಗುವುದು ತನ್ನನ್ನು ನೋಡಿ. ಅದಕ್ಕೇ ಆ ಹಾಸ್ಯ ಹಳಸಿಲ್ಲ.

ಆದರೆ ಈ ಸಲ ಬೇರೊಂದು ಸಂಗತಿ ಚುಚ್ಚಿತು. 1888ರಲ್ಲಿ ಜೆರೋಮನ ಮದುವೆಯಾಯಿತು. ಹೊಸ ಹೆಂಡತಿ ಜಾರ್ಜಿನಾಳೊಂದಿಗೆ ಅವನು ಥೇಮ್ಸ್‌ನಲ್ಲೇ ದೋಣಿಯಲ್ಲಿ ಸುತ್ತಿದ. ಹಿಂದಿರುಗಿ ಈ ಪುಸ್ತಕ ಬರೆಯಲು ಕೂತ. ಪುಸ್ತಕದ ದೋಣಿಯಲ್ಲಿ ಅವಳಿಲ್ಲ. ಅವಳ ಜಾಗದಲ್ಲಿ ಗೆಳೆಯರಿದ್ದಾರೆ. ಗೆಳೆಯರೂ ನಿಜವೇ, ಅವರೊಡನೆ ದೋಣಿ ನಡೆಸಿದ್ದೂ ನಿಜ. ಆದರೂ ಸವಿನೆನಪನ್ನು ಹೇಳಲು ಕೂತಾಗ ಯಾರನ್ನು ದೋಣಿಯಿಂದ ಇಳಿಸುತ್ತೇವೆ ಎನ್ನುವುದು ಸಣ್ಣ ಮಾತಲ್ಲ.

ಹಾಗಾದರೆ ಪುಸ್ತಕದಲ್ಲಿ ಹೆಂಗಸರು ಎಲ್ಲಿ? ಒಂದು ಕಡೆ, ಹೊಸ ಬಟ್ಟೆಗೆ ನೀರು ಸಿಡಿದೀತೆಂದು ಮುದುಡಿ ಕೂರುವ ಇಬ್ಬರು. ಅಲ್ಲಿ ನಗೆಯೇ ಉದ್ದೇಶ. ಇನ್ನೊಂದು ಕಡೆ, ಗೋರಿಂಗ್ ಎಂಬ ಊರಿನ ಹತ್ತಿರ ನೀರಲ್ಲಿ ತೇಲುವ ಒಂದು ಹೆಣ. ನಂಬಿ ಮೋಸಹೋದ ಹೆಣ್ಣು. ವಾರಕ್ಕೆ 12 ಶಿಲಿಂಗ್ ದುಡಿದು, 6 ಶಿಲಿಂಗ್ ಮಗುವಿನ ಪಾಲನೆಗೆ ತೆತ್ತವಳು. ಮನೆಯವರೂ ಸ್ನೇಹಿತರೂ ಅವಳಿಗೆ ಬಾಗಿಲು ಮುಚ್ಚಿದ್ದರು.

ಹಾಸ್ಯದ ನಡುವೆ ಈ ಪುಟ ಹೊಂದುವುದಿಲ್ಲ ಎಂದು ಹಿಂದೆ ನಾವು ಹಾರಿಸಿ ಓದಿದ್ದೆವು. ಈಗ ನನಗೆ ಇದೇ ಪುಸ್ತಕದ ನಿಜವಾದ ಪುಟ. ಸ್ನೇಹವನ್ನು ಇಷ್ಟೊಂದು ಕೊಂಡಾಡುವ ಕಥೆಯಲ್ಲಿ ಅವಳಿಗೊಬ್ಬ ಗೆಳತಿ ಇರಲಿಲ್ಲ. ಜೆರೋಮ್ ಅಲ್ಲಿ ನಿಂತು ಮರುಗುತ್ತಾನೆ, ಆಮೇಲೆ ದೋಣಿ ಮುಂದೆ ಸಾಗುತ್ತದೆ.

ನಮ್ಮ ಹರಿಗೋಲೂ ಹಾಗೆಯೇ ಸಾಗಿತ್ತು. ಕಾಲೇಜಿನಲ್ಲಿ ನಾವು ಐವರಿದ್ದೆವು. ಗಂಡನನ್ನು ಬಿಟ್ಟು ಬಂದಳೆಂದು ಒಬ್ಬಳಿಗೆ ಕಾಗದ ಬರೆಯುವುದನ್ನೇ ನಿಲ್ಲಿಸಿದ್ದೆವು. ಅಂದು ದಿನವಿಡೀ ಹಳೆಯದನ್ನೆಲ್ಲ ನೆನೆದೆವು. ಅವಳ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಪುಸ್ತಕ ಮುಚ್ಚಿಟ್ಟು, ಅವಳ ವಿಳಾಸಕ್ಕಾಗಿ ಹಳೆಯ ಕಾಗದಗಳ ಕಟ್ಟು ಬಿಚ್ಚಿದೆ.