ಸಾನ್ ಕಾನ್ಸಿಯಾನೊ ಇಗರ್ಜಿಯ ಮರಣಪುಸ್ತಕ

ವೆನಿಸ್ಸಿನ ವರ್ಣಶಿಲ್ಪಿ ಟಿಷಿಯನ್ 1576ರ ಆಗಸ್ಟ್ 27ರಂದು, ತನ್ನ 103ನೆಯ ವಯಸ್ಸಿನಲ್ಲಿ, ಜ್ವರದಿಂದ ತೀರಿಕೊಂಡನೆಂದು ಸಾನ್ ಕಾನ್ಸಿಯಾನೊ ಇಗರ್ಜಿಯ ಮರಣಪುಸ್ತಕದಲ್ಲಿ ಬರೆದಿಟ್ಟಿರುವ ಆ ಪುಟ್ಟ ನಮೂದಿನಷ್ಟು ನನ್ನನ್ನು ಸೆಳೆದ ಚರಿತ್ರೆಯ ಬರವಣಿಗೆ ವಿರಳ. ಚಕ್ರವರ್ತಿಯ, ಪೋಪರ ಮುಖಗಳನ್ನು ಚಿತ್ರಪಟದಲ್ಲಿ ಚಿರಸ್ಥಾಯಿಗೊಳಿಸಿದವನಿಗೆ ಅಲ್ಲಿ ದೊರೆತದ್ದು ಹೆಸರು, ವೃತ್ತಿ, ವಯಸ್ಸು, ವ್ಯಾಧಿ, ಇಷ್ಟೇ. ಆ ನಿರಾಡಂಬರವೇ ಅದರ ಘನತೆ.

ವಯಸ್ಸನ್ನು ವಿದ್ವಾಂಸರು ಒಪ್ಪುವುದಿಲ್ಲ: 1571ರಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪನಿಗೆ ತನಗೆ 95 ತುಂಬಿತೆಂದು ಬರೆದುಕೊಂಡಿದ್ದ ಈ ವೃದ್ಧನು ಹುಟ್ಟಿದ್ದು 1490ರ ಆಸುಪಾಸಿನಲ್ಲೆಂದು ಬಹುಮಂದಿಯ ಮತ. ಆದರೆ ನಗರವೆಲ್ಲ ಮಹಾಮಾರಿಗೆ ತುತ್ತಾಗಿ, ಪ್ಲೇಗಿನಿಂದ ಸತ್ತವರಿಗೆ ದೇವಾಲಯದಲ್ಲಿ ಸಮಾಧಿಯೇ ನಿಷಿದ್ಧವಾಗಿದ್ದ ಆ ದಿನಗಳಲ್ಲಿ, ಜ್ವರದ ಸಾವೆಂದು ದಾಖಲಾದವನ ದೇಹವು ಮರುದಿನವೇ ಅವನು ಬಯಸಿದ್ದ ಫ್ರಾರಿ ಇಗರ್ಜಿಯನ್ನು ಸೇರಿತು.

ಆ ಸಮಾಧಿಗೆಂದೇ ಅವನು ಬರೆಯುತ್ತಿದ್ದ ‘ಪಿಯೆತಾ’ ಚಿತ್ರ ಅಪೂರ್ಣವಾಗಿ ಉಳಿಯಿತು. ಅದರ ಬಲಮೂಲೆಯಲ್ಲಿ ಒರಗಿಸಿಟ್ಟ ಪುಟ್ಟ ಹರಕೆಯ ಫಲಕದೊಳಗೆ ತಂದೆ ಟಿಷಿಯನ್, ಮಗ ಒರಾತ್ಸಿಯೊ ಇಬ್ಬರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾರೆ. ಅದನ್ನು ನೋಡುವಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ. ಮಗನೂ ಅದೇ ವರ್ಷದ ಪಿಡುಗಿನಲ್ಲಿ ಅಳಿದನು. ಚಿತ್ರವನ್ನು ಪೂರ್ಣಗೊಳಿಸಿದವನು ವರ್ಣಶಿಲ್ಪಿ ಕಿರಿಯ ಪಾಲ್ಮಾ. ಅದೀಗ ವೆನಿಸ್ಸಿನ ಅಕಾಡೆಮಿಯಾ ಚಿತ್ರಶಾಲೆಯಲ್ಲಿದೆ.