ನಜೀರನ ಹದಿಹರೆಯ

ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗಿನಿಂದ ಅದರ ಸುತ್ತ ನಡೆದ ಜಗಳವೆಲ್ಲ ಹೆಚ್ಚಾಗಿ ಇತಿಹಾಸದ್ದು. ಕಾದಂಬರಿಯನ್ನು ಮೆಚ್ಚಿದವರೂ ಹಳಿದವರೂ ಟಿಪ್ಪು, ಔರಂಗಜೇಬ, ಹಂಪಿ ಎಂದೇ ವಾದಿಸಿದರು. ಲಕ್ಷ್ಮಿ ಮತ್ತು ಅಮೀರ್‌ರ ಮಗ ನಜೀರನ ಬಗ್ಗೆ ಕೇಳಿದವರು ಕಡಿಮೆ.

ನಜೀರ್ ಎರಡು ಧರ್ಮಗಳ ನಡುವೆ ಹುಟ್ಟಿದ ಹುಡುಗ. ಅವನು ಮದುವೆಯಾಗುವ ಅರುಣಾ ಕೂಡ ಅಂಥ ಮನೆಯವಳೇ. ಪ್ರೊಫೆಸರ್ ಶಾಸ್ತ್ರಿ ಮತ್ತು ಅವರ ವಿದೇಶಿ ಹೆಂಡತಿಯ ಮಗಳು. ಇವರಿಬ್ಬರ ಪ್ರೀತಿಯೇ ಒಂದು ಕಾದಂಬರಿಗೆ ಸಾಕು. ಇಲ್ಲಿ ಅದು ಹಿರಿಯರ ತತ್ವನಿಷ್ಠೆಯನ್ನು ಒರೆಗೆ ಹಚ್ಚುವ ಪ್ರಸಂಗವಾಗಿ ಬಂದು ಹೋಗುತ್ತದೆ.

ಲಕ್ಷ್ಮಿ ತಾನೂ ಒಂದು ಕಾದಂಬರಿ ಬರೆಯುತ್ತಾಳಷ್ಟೆ. ಅದರ ನಾಯಕ ಮೊಗಲರ ಕೈಗೆ ಸಿಕ್ಕು ಮತಾಂತರಗೊಂಡ ರಜಪೂತ ರಾಜಕುಮಾರ. ಮುನ್ನೂರು ವರ್ಷ ಹಿಂದಿನ ಆ ತರುಣನ ಒಳಗುದಿಗೆ ದನಿ ಕೊಡುವ ತಾಯಿ, ಎರಡು ಮನೆಗಳ ನಡುವೆ ಬೆಳೆದ ತನ್ನ ಮಗನ ಒಳಗನ್ನು ಹೀಗೆ ಹೊಕ್ಕು ನೋಡುವುದಿಲ್ಲ. ಇದು ಲಕ್ಷ್ಮಿಯ ಕತೆ, ಮಗನದಲ್ಲ ಎನ್ನಬಹುದು. ಒಪ್ಪೋಣ. ಆದರೆ ಕಾದಂಬರಿಯೊಳಗೇ ಕಾಣುವ ಈ ತಾರತಮ್ಯವನ್ನು ವಿಮರ್ಶೆ ಗಮನಿಸಬೇಕಿತ್ತು.

‘ಅಸ್ಮಿತೆಯ ಬಿಕ್ಕಟ್ಟು’ ಎಂಬ ಮಾತನ್ನು ಬಳಕೆಗೆ ತಂದ ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಯಹೂದಿ ತಾಯಿಯ ಮಗ. ಹೊಂಗೂದಲು, ನೀಲಿ ಕಣ್ಣು ಎಂದು ಯಹೂದಿ ಹುಡುಗರು ಅವರನ್ನು ಹೊರಗಿನವನೆಂದರು. ಶಾಲೆಯಲ್ಲಿ ಉಳಿದವರು ಯಹೂದಿ ಎಂದು ಚುಡಾಯಿಸಿದರು. ‘ನಾನು ಯಾರು’ ಎಂಬ ಪ್ರಶ್ನೆ ಹದಿಹರೆಯದಲ್ಲಿ ಎಷ್ಟು ತೀವ್ರವಾದದ್ದೆಂದು ಅವರು ಮುಂದೆ ಬರೆದದ್ದರ ಹಿಂದೆ ಈ ಅನುಭವವೂ ಇದೆ.

ನಮ್ಮ ಕೋಗಳಿ ಸೀಮೆಯ ಸಂತೆಗಳಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಒಟ್ಟಿಗೇ ಕೇಳಿಸುತ್ತವೆ. ಮಾತು ಬೆರೆತಷ್ಟು ಸಲೀಸಾಗಿ ಮನೆಗಳು ಬೆರೆಯುವುದಿಲ್ಲ. ಪಿಎಚ್‌ಡಿಗೆ ಸೇರುವ ಮೊದಲು ನಾನು ಪಿಯು ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಅಪ್ಪ ಒಂದು ಧರ್ಮ, ಅಮ್ಮ ಇನ್ನೊಂದು ಧರ್ಮದವರಾಗಿದ್ದ ಹುಡುಗಿಯೊಬ್ಬಳು ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಜಾತಿಯ ಕಾಲಂ ಖಾಲಿ ಬಿಟ್ಟಿದ್ದಳು. ‘ಮನೇಲಿ ಕೇಳಿ ಬರೀತೀನಿ ಮೇಡಂ’ ಎಂದು ಹೋದವಳು ನಾಲ್ಕು ದಿನ ಕಾಲೇಜಿಗೆ ಬರಲಿಲ್ಲ. ಮಂಕು, ಸಿಡುಕು, ಗೈರುಹಾಜರಿ ನಮಗೆ ಕಾಣುತ್ತವೆ. ಆ ನಾಲ್ಕು ದಿನ ಅವಳೊಳಗೆ ನಡೆದದ್ದು ಕಾಣುವುದಿಲ್ಲ.

ಅದನ್ನು ಕಾಣಿಸಬಲ್ಲದ್ದು ಕತೆ, ಕಾದಂಬರಿಗಳೇ. ಅಂತರ್ಧರ್ಮೀಯ ಮದುವೆ ಸರಿಯೋ ತಪ್ಪೋ ಎಂದು ನಾವು ಬೇಕಾದಷ್ಟು ವಾದಿಸಿದ್ದೇವೆ. ಆ ಮನೆಯ ಹದಿನಾರರ ಹುಡುಗ ಹುಡುಗಿಯರು ಓದಿ ‘ಇದು ನನ್ನದೇ ಕತೆ’ ಎನ್ನುವಂಥ ಪುಸ್ತಕವನ್ನು ಅವರ ಕೈಗಿಡುವುದು ಇನ್ನೂ ಬಾಕಿ ಇದೆ.