ಮಾತಿಗೆ ರೊಕ್ಕ, ತಾಸಿನ ಲೆಕ್ಕ

‘ಬರೇ ಮಾತಾಡಾಕ ಸಾವಿರ ರೂಪಾಯಿ ಯಾಕ ಕೊಡಬೇಕ್ರೀ?’ ನವಲಗುಂದ, ಅಣ್ಣಿಗೇರಿ ಕಡೆ ಮನಃಚಿಕಿತ್ಸೆಯ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಇದು. ಕೇಳುವವರೇನೂ ಮಾತಿಗೆ ರೊಕ್ಕ ಬಿಚ್ಚದವರಲ್ಲ. ಹೇಳಿಕೆ ಕೇಳಲು, ತಾಯತ ಕಟ್ಟಿಸಲು, ಪಂಚಾಂಗ ತೆಗೆಸಲು ಬಿಚ್ಚುತ್ತಾರೆ. ಡಾಕ್ಟರು ಸೂಜಿ ಮಾಡದೆ ಕಳಿಸಿದರೆ ಮಾತ್ರ ಕೊಟ್ಟದ್ದು ದಂಡ ಎನ್ನುತ್ತಾರೆ. ಹಾಗಾಗಿ ಖಾಸಗಿ ಮನಃಚಿಕಿತ್ಸೆ ದುಬಾರಿ ಎಂದು ಬೈದು ಕೈತೊಳೆದುಕೊಂಡರೆ ವಿಮರ್ಶೆ ಆಗುವುದಿಲ್ಲ.

ದುಬಾರಿಯಂತೂ ಹೌದು. ಮುಕ್ಕಾಲು ತಾಸಿನ ಒಂದು ಭೇಟಿಗೆ ಸಾವಿರದ ಆಸುಪಾಸು, ಬೆಂಗಳೂರಿನ ಹೆಸರುವಾಸಿಗಳಾದರೆ ಎರಡು ಸಾವಿರ. 2025–26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ವಾರಕ್ಕೊಮ್ಮೆಯಂತೆ ಎಂಟು ಸಲ ಹೋದರೆ ಮೂರು ವಾರಕ್ಕೂ ಮಿಕ್ಕಿದ ಕೂಲಿ ಕರಗಿತು. 2023ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿಲ್ಲ, ಸರಿ. ಹುಬ್ಬಳ್ಳಿಗೆ ಹೋಗಿಬಂದ ದಿನದ ಕೂಲಿ?

ನನ್ನ ತಕರಾರು ದರಕ್ಕಿಂತ ವಾಯಿದೆಯ ಮೇಲೆ. ವಾರವಾರದ ಭೇಟಿ, ಮುಂಗಡ ಪಾವತಿ, ತಪ್ಪಿಸಿದರೂ ಶುಲ್ಕ ಎಂಬ ಕ್ರಮ ತಿಂಗಳ ಪಗಾರದವರಿಗೆ ಹೊಂದುತ್ತದೆ. ಎರೆ ಹೊಲದವರ ಕೈಯಲ್ಲಿ ರೊಕ್ಕ ಆಡುವುದು ಹೆಸರು ಒಕ್ಕಿದ ಮೇಲೆ. ಆಮೇಲೆ ಕಡಲೆ, ಮೆಣಸಿನಕಾಯಿ ಮಾರಿದ ಮೇಲೆ. ನಡುವಿನದೆಲ್ಲ ಉದ್ರಿ. ಅಂಗಡಿಯವನು, ಅಡತಿಯವನು ಸುಗ್ಗಿಯ ತನಕ ಕಾಯುತ್ತಾರೆ. ಆಪ್ತಸಮಾಲೋಚಕರ ಫೋನ್‌ಪೇ ಕಾಯುವುದಿಲ್ಲ. ಮಳೆ ಕೈಕೊಟ್ಟ, ಸಾಲ ಮೈಮೇಲೆ ಬಂದ ದಿನಗಳಲ್ಲೇ ಮನಸ್ಸೂ ಕೆಡುವುದು, ಜೇಬೂ ಖಾಲಿ ಇರುವುದು.

ತಪ್ಪಿಸಿದರೂ ಕೊಡಬೇಕೆಂಬ ನಿಯಮ ಹಳೆಯದು. 1913ರಲ್ಲೇ ಮನೋವಿಶ್ಲೇಷಕ ಫ್ರಾಯ್ಡ್ ಅದನ್ನು ಸಮರ್ಥಿಸಿಕೊಂಡು ಬರೆದ. ಸಂಗೀತದ ಮೇಷ್ಟ್ರಿಗೂ ಹಾಗೇ ಕೊಡುತ್ತೇವಲ್ಲ ಎಂಬುದು ಅವನ ವಾದ. ಅದೇ ಫ್ರಾಯ್ಡ್ 1918ರಲ್ಲಿ ಬುಡಾಪೆಸ್ಟಿನಲ್ಲಿ, ಬಡವನಿಗೂ ಈ ಚಿಕಿತ್ಸೆಯ ಹಕ್ಕಿದೆ ಎಂದ; ಎರಡೇ ವರ್ಷಕ್ಕೆ ಬರ್ಲಿನ್ನಿನಲ್ಲಿ ಬಡವರಿಗೂ ತೆರೆದ ಚಿಕಿತ್ಸಾಲಯ ಶುರುವಾಯಿತು. ನಮ್ಮವರು ಮೊದಲ ಪಾಠವನ್ನಷ್ಟೇ ಬಾಯಿಪಾಠ ಮಾಡಿದಂತಿದೆ.

ಹಾಗೆ ನೋಡಿದರೆ ಧಾರವಾಡದಲ್ಲಿ ಸರ್ಕಾರದ್ದೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ತಪಾಸಣೆ ಇದೆ, ಫೋನಿನಲ್ಲಾದರೆ 14416 ಸಹಾಯವಾಣಿ ಇದೆ. ಇಷ್ಟಿದ್ದೂ ರೊಕ್ಕ ಯಾಕೆ ಕೊಡಬೇಕು? ಕಲಘಟಗಿಯ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕೂತ ತಾಯಿಯನ್ನು ನೆನೆಯಿರಿ. ಮಗಳಿಗೆ ವರ ನೋಡುತ್ತಿದ್ದಾಳೆ. ಪಕ್ಕದಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆಗೆ ಬಂದವರು ಆಗಬಹುದಾದ ಬೀಗರ ಊರಿನವರು. ‘ಯಾಕವ್ವಾ, ಏನಾಗೇತಿ?’ ಅಂತ ಅವರು ಕೇಳುವುದು ಕಳಕಳಿಯಿಂದಲೇ. ‘ತಲಿ ಜುಮ್ ಅಂತೈತಿ’ ಎಂದು ಹೇಳಿ, ಚೀಟಿ ಮಡಚಿ ಸೆರಗಿನೊಳಗೆ ಸೇರಿಸುತ್ತಾಳೆ. ಒಳಗೆ ಹೋದಾಗ ಬಾಗಿಲು ಅರ್ಧ ತೆರೆದೇ ಇರುತ್ತದೆ, ಮುಂದಿನ ಸರದಿಯವರು ಹೊಸ್ತಿಲಲ್ಲಿ ನಿಂತಿರುತ್ತಾರೆ. ಗುಳಿಗೆ ಸಿಗುತ್ತದೆ, ಗಂಡನ ಕುಡಿತದ ಮಾತು ಹೊರಗೆ ಬರುವುದಿಲ್ಲ. ಹುಬ್ಬಳ್ಳಿಯ ಸಾವಿರ ರೂಪಾಯಿಗೆ ಸಿಗುವುದು ಮುಚ್ಚಿದ ಆ ಬಾಗಿಲು. ಖಾಸಗಿಯವರ ನಿಜವಾದ ಹೆಚ್ಚುಗಾರಿಕೆ ಇದೇ, ಇದನ್ನು ಒಪ್ಪದೆ ಗತಿಯಿಲ್ಲ. ಸರ್ಕಾರ ಅವರಿಂದ ಕಲಿಯಬೇಕಾದದ್ದೂ ಇಷ್ಟೇ; ಒಂದು ಕದಕ್ಕೆ ದೊಡ್ಡ ಅನುದಾನವೇನೂ ಬೇಡ.

ವಿಮೆಯ ಆಸೆ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಿ ಎಂದಿತು. ಆದರೆ ಹೆಚ್ಚಿನ ಪಾಲಿಸಿಗಳು ರೊಕ್ಕ ಕೊಡುವುದು ಆಸ್ಪತ್ರೆಯಲ್ಲಿ ಮಲಗಿದವರಿಗೆ, ಕುರ್ಚಿಯಲ್ಲಿ ಕೂತು ಮಾತಾಡಿದವರಿಗಲ್ಲ.

ಪಕ್ಕದ ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಬೇರೆ ದಾರಿ ಹಿಡಿದರು. ಪದವೀಧರ ಮನಶ್ಶಾಸ್ತ್ರಜ್ಞರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯವರನ್ನು ಆರರಿಂದ ಎಂಟು ಭೇಟಿಗಳಲ್ಲಿ ನೋಡಿಕೊಂಡರು. ಮಾಮೂಲಿ ಆರೈಕೆಗಿಂತ ಇದರಿಂದ ಹೆಚ್ಚು ಜನ ಚೇತರಿಸಿಕೊಂಡದ್ದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ನನಗೆ ಮುಖ್ಯವಾಗಿ ಕಾಣುವುದು ಭೇಟಿಗಳಿಗೊಂದು ಕೊನೆ ಇದ್ದದ್ದು. ನಮ್ಮ ಖಾಸಗಿಯವರಲ್ಲಿ ‘ಎಷ್ಟು ಸಲ ಬರಬೇಕ್ರೀ?’ ಎಂದರೆ ‘ನೋಡೋಣ’ ಎಂಬ ಉತ್ತರ. ಮೀಟರ್ ಓಡುತ್ತಿರುವಾಗ ಈ ‘ನೋಡೋಣ’ ಸಲ್ಲದು. ಮೊದಲ ದಿನವೇ ಅಂದಾಜು ಭೇಟಿಗಳೆಷ್ಟು, ಒಟ್ಟು ರೊಕ್ಕವೆಷ್ಟು, ಸುಗ್ಗಿಯ ಮೇಲೆ ಕೊಟ್ಟರೆ ನಡೆದೀತೇ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಗೋಡೆಯ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯೂ ಇರಬೇಕು. ಆಪ್ತಸಮಾಲೋಚಕ ಎಂಬ ಬೋರ್ಡನ್ನು ಇವತ್ತು ಯಾರು ಬೇಕಾದರೂ ಬರೆಸಿಬಿಡುತ್ತಾರೆ.